ನಿದ್ದೆಗೆ ಜಾರಿದ ಪ್ರೊಸೆಸರ್ ಏಳಲೇ ಇಲ್ಲ: ಬೂಟ್ ಆಗದ ಲ್ಯಾಪ್‌ಟಾಪ್‌ನ ಪತ್ತೇದಾರಿ ಕಥೆ

(ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ)



ಇವತ್ತು ಒಂದು ವಿಚಿತ್ರ ಕಾಯಿಲೆ ಬಗ್ಗೆ ಮಾತಾಡೋಣ. ಲ್ಯಾಪ್‌ಟಾಪ್ ಆನ್ ಮಾಡ್ತೀರಿ. ಕಂಪನಿ ಲೋಗೋ ಬರುತ್ತೆ. ಲಿನಕ್ಸ್ ಶುರುವಾಗುತ್ತೆ. ಕಪ್ಪು ಪರದೆ ಮೇಲೆ ಒಂದಷ್ಟು ಸಾಲು ಬಿಳಿ ಅಕ್ಷರ ಓಡುತ್ತೆ. ಆಮೇಲೆ ಗಕ್ಕಂತ ನಿಂತುಬಿಡುತ್ತೆ. ಎರರ್ ಇಲ್ಲ, ಬೀಪ್ ಇಲ್ಲ. ಕೀ ಒತ್ತಿದರೆ ಉತ್ತರ ಇಲ್ಲ. ಪವರ್ ಬಟನ್ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಅದೇ ಕಥೆ.

ಇದನ್ನ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್‌ಗಳು ಅಧಿಕೃತ ಪಟ್ಟಿಯಲ್ಲೇ ಇಲ್ಲ. ಹಾಗಾಗಿ 2015-16ರಲ್ಲಿ ಭಾರೀ ಬೆಲೆಗೆ ಮಾರಾಟವಾದ ಎಷ್ಟೋ ಲ್ಯಾಪ್‌ಟಾಪ್‌ಗಳು ಈಗ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬರ್ತಿವೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತೆ. ಕಾಲೇಜು ಮಕ್ಕಳು ಅದನ್ನ ಕೊಂಡು ಲಿನಕ್ಸ್ ಹಾಕಿಕೊಳ್ತಾರೆ. ಒಳ್ಳೇ ಕೆಲಸ. ಆದರೆ ಹಾಕಿದ ದಿನವೇ ಮಷೀನ್ ಹೀಗೆ ನಿಂತುಹೋದರೆ, ಯಾರನ್ನ ಕೇಳಿದರೂ ಬರೋ ಉತ್ತರ ಒಂದೇ: "ಮದರ್‌ಬೋರ್ಡ್ ಹೋಗಿದೆ." ಕೂಡಿಟ್ಟ ದುಡ್ಡು ಹೋಯ್ತು ಅಂತ ಆ ಹುಡುಗ ಅಥವಾ ಹುಡುಗಿ ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ಎಷ್ಟೋ ಸಲ ಮದರ್‌ಬೋರ್ಡ್ ಕಲ್ಲುಗುಂಡಿನ ಹಾಗೆ ಇರುತ್ತೆ. ತೊಂದರೆ ಇರೋದು ಬೇರೆ ಕಡೆ.

ಆ ಬೇರೆ ಕಡೆಗಳಲ್ಲಿ ಒಂದು, ಯಾರೂ ಊಹಿಸದ ಜಾಗ: ಪ್ರೊಸೆಸರ್‌ನ ನಿದ್ದೆ. ಕೆಲಸ ಮಾಡುವಾಗ ಅಲ್ಲ, ಕೆಲಸ ಇಲ್ಲದೆ ಸುಮ್ಮನಿರುವಾಗ ಅದು ಕೈಕೊಡುತ್ತೆ.

ನಾನು ಬಿಕಾಂ ಓದಿದವಳು, ಇಂಜಿನಿಯರ್ ಅಲ್ಲ. ಹಾಗಾಗಿ ಇದನ್ನ ನನಗೆ ಅರ್ಥವಾಗೋ ಭಾಷೆಯಲ್ಲೇ ಹೇಳ್ತೀನಿ, ಅಂಗಡಿ ಲೆಕ್ಕದಲ್ಲಿ.

ಒಂದು ಅಂಗಡಿ ಅಂದುಕೊಳ್ಳಿ. ಗಿರಾಕಿ ಇದ್ದಾಗ ಅಂಗಡಿಯವರು ನಿಂತು ವ್ಯಾಪಾರ ಮಾಡ್ತಾರೆ. ಇದಕ್ಕೆ ಪ್ರೊಸೆಸರ್ ಭಾಷೆಯಲ್ಲಿ ಸಿ0 ಅಂತ ಹೆಸರು. ಗಿರಾಕಿ ಇಲ್ಲ ಅಂದ್ರೆ ಸ್ಟೂಲ್ ಮೇಲೆ ಕೂರ್ತಾರೆ, ಯಾರಾದರೂ ಬಂದರೆ ತಕ್ಷಣ ಏಳ್ತಾರೆ. ಅದು ಸಿ1. ಮಧ್ಯಾಹ್ನ ಬಿಸಿಲಿಗೆ ಯಾರೂ ಬರಲ್ಲ ಅಂತಾದರೆ ಫ್ಯಾನ್, ಲೈಟ್ ಆರಿಸಿ ಅರ್ಧ ಶಟರ್ ಎಳೀತಾರೆ. ಅದು ಸಿ3. ಊಟಕ್ಕೆ ಮನೆಗೆ ಹೋಗೋದಾದರೆ ಗಲ್ಲಾಪೆಟ್ಟಿಗೆ ಲೆಕ್ಕ ಬರೆದಿಟ್ಟು, ಶಟರ್ ಪೂರ್ತಿ ಇಳಿಸಿ ಬೀಗ ಹಾಕ್ತಾರೆ. ಅದು ಸಿ6. ಅಲ್ಲಿ ಪ್ರೊಸೆಸರ್‌ನ ಒಂದು ಕೋರ್ ತನ್ನ ಅಂದಿನ ಸ್ಥಿತಿಯನ್ನೆಲ್ಲ ಒಂದು ಪುಟ್ಟ ಮೆಮೊರಿಯಲ್ಲಿ ಬರೆದಿಟ್ಟು, ತನಗೆ ಬರೋ ಕರೆಂಟನ್ನೇ ಕಡಿದುಕೊಳ್ಳುತ್ತೆ.

ಇನ್ನೂ ಆಳಕ್ಕೆ ಹೋದರೆ ಸಿ8, ಸಿ9, ಸಿ10. ಇದು ಒಂದು ಅಂಗಡಿಯ ವಿಷಯ ಅಲ್ಲ, ಇಡೀ ಕಾಂಪ್ಲೆಕ್ಸ್‌ನ ವಿಷಯ. ಎಲ್ಲಾ ಅಂಗಡಿ ಮುಚ್ಚಿದ ಮೇಲೆ ವಾಚ್‌ಮ್ಯಾನ್ ಕಾರಿಡಾರ್ ಲೈಟ್, ಲಿಫ್ಟ್, ನೀರಿನ ಮೋಟಾರ್, ಕೊನೆಗೆ ಮೇನ್ ಸ್ವಿಚ್ಚನ್ನೇ ಆರಿಸ್ತಾನಲ್ಲ, ಹಾಗೆ. ಎಲ್ಲಾ ಕೋರ್‌ಗಳೂ ಮಲಗಿರಬೇಕು, ಗ್ರಾಫಿಕ್ಸ್ ಕೂಡ ಮಲಗಿರಬೇಕು. ಆಗ ಇಡೀ ಚಿಪ್ ಆಳವಾದ ನಿದ್ದೆಗೆ ಇಳಿಯುತ್ತೆ.

ಇದೆಲ್ಲ ರಾತ್ರಿ ಮಾತ್ರ ನಡೆಯೋದಲ್ಲ. ನೀವು ಒಂದು ಸಾಲು ಟೈಪ್ ಮಾಡಿ ಮುಂದಿನ ಅಕ್ಷರ ಯೋಚಿಸೋ ಅಷ್ಟರಲ್ಲಿ ಪ್ರೊಸೆಸರ್ ಎಷ್ಟೋ ಸಲ ಮಲಗಿ ಎದ್ದಿರುತ್ತೆ. ನಿಮ್ಮ ಕೈಯಲ್ಲಿರೋ ಫೋನ್‌ನ ಬ್ಯಾಟರಿ ಸಂಜೆವರೆಗೂ ಬರೋದರ ಹಿಂದೆಯೂ ಇಂಥದ್ದೇ ಪುಟ್ಟ ಪುಟ್ಟ ನಿದ್ದೆಗಳಿವೆ.

ಈಗ ಲೆಕ್ಕಕ್ಕೆ ಬರೋಣ. ಶಟರ್ ಇಳಿಸೋದು, ಎತ್ತೋದು ಎರಡಕ್ಕೂ ಸಮಯ ಬೇಕು, ಶ್ರಮ ಬೇಕು. ಹತ್ತು ನಿಮಿಷದಲ್ಲಿ ಗಿರಾಕಿ ಬರೋದಿದ್ದರೆ ಬೀಗ ಹಾಕೋದು ದಂಡ. ಬಿಕಾಂನಲ್ಲಿ ನಾವು ಬ್ರೇಕ್ ಈವನ್ ಅಂತ ಓದ್ತೀವಲ್ಲ, ಇಷ್ಟು ಮಾರಿದರೆ ಮಾತ್ರ ಹಾಕಿದ ಖರ್ಚು ಹುಟ್ಟುತ್ತೆ ಅನ್ನೋ ಗೆರೆ, ಅದೇ ಗೆರೆ ಇಲ್ಲೂ ಇದೆ. ಇಂಟೆಲ್‌ನ 6ನೇ ತಲೆಮಾರು, ಅಂದ್ರೆ ಸ್ಕೈಲೇಕ್ ಪ್ರೊಸೆಸರ್‌ಗೆ ಲಿನಕ್ಸ್ ಕರ್ನಲ್‌ನಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಪ್ರತಿ ನಿದ್ದೆಗೂ ಎರಡು ಸಂಖ್ಯೆ. ಒಂದು, ಏಳೋಕೆ ಎಷ್ಟು ಹೊತ್ತು. ಇನ್ನೊಂದು, ಕನಿಷ್ಠ ಎಷ್ಟು ಹೊತ್ತು ಮಲಗಿದರೆ ಲಾಭ.

ಮೈಕ್ರೋಸೆಕೆಂಡ್ ಲೆಕ್ಕ ಇದು. ಒಂದು ಸೆಕೆಂಡ್‌ಗೆ 10 ಲಕ್ಷ ಮೈಕ್ರೋಸೆಕೆಂಡ್. ಸಿ1ರಿಂದ ಏಳೋಕೆ 2. ಸಿ6ರಿಂದ ಏಳೋಕೆ 85, ಆದರೆ 200 ಮಲಗಿದರೆ ಮಾತ್ರ ಲಾಭ. ಸಿ8ಕ್ಕೆ 200 ಮತ್ತು 800. ಸಿ10ರಿಂದ ಏಳೋಕೆ 890, ಕನಿಷ್ಠ 5000 ಮಲಗಬೇಕು. ಮುಂದಿನ ಗಿರಾಕಿ ಯಾವಾಗ ಬರ್ತಾನೆ ಅಂತ ಕರ್ನಲ್ ಪ್ರತಿ ಸಲ ಅಂದಾಜು ಮಾಡುತ್ತೆ. ಮುಂದಿನ ಟೈಮರ್ ಯಾವಾಗಿದೆ, ಇತ್ತೀಚೆಗೆ ಎಷ್ಟೆಷ್ಟು ಹೊತ್ತಿಗೆ ಎಬ್ಬಿಸಿದ್ದರು ಅಂತ ನೋಡಿ, ಈ ಪಟ್ಟಿಯಿಂದ ಒಂದು ನಿದ್ದೆ ಆರಿಸುತ್ತೆ.

ಸರಿ, ಹಾಗಾದ್ರೆ ಬೂಟ್ ಆಗುವಾಗ ಏನಾಗುತ್ತೆ? ಬೂಟ್ ಅಂದ್ರೆ ಪೂರ್ತಿ ಓಟ ಅಂತ ನಾವು ಅಂದುಕೊಳ್ತೀವಿ. ನಿಜದಲ್ಲಿ ಅದರ ತುಂಬಾ ಕಾಯೋದೇ ಇರುತ್ತೆ. ಡಿಸ್ಕ್ ಉತ್ತರ ಕೊಡಲಿ, ಯುಎಸ್‌ಬಿ ಎಚ್ಚರ ಆಗಲಿ, ವೈಫೈ ಚಿಪ್ ತಯಾರಾಗಲಿ ಅಂತ. ಕಾಯೋವಾಗ ಪ್ರೊಸೆಸರ್ ಮಲಗುತ್ತೆ. ಬೂಟ್‌ನ ಶುರುವಿನಲ್ಲಿ ಅದಕ್ಕೆ ಸ್ಟೂಲ್ ಮೇಲೆ ಕೂರೋದು ಮಾತ್ರ ಗೊತ್ತು. ನಿದ್ದೆ ನೋಡಿಕೊಳ್ಳೋ ಡ್ರೈವರ್ ಲೋಡ್ ಆದ ಮೇಲೆ ಆಳದ ನಿದ್ದೆಗಳ ಬಾಗಿಲು ತೆರೆಯುತ್ತೆ. ಅದಕ್ಕೇ ಮೊದಲ ಸಾಲುಗಳು ಸರಾಗವಾಗಿ ಓಡಿ, ಆಮೇಲೆ ಒಂದು ಕಡೆ ನಿಲ್ಲೋದು. ಬೀಗ ಹಾಕಿಕೊಂಡು ಮಲಗಿದ ಪ್ರೊಸೆಸರ್‌ಗೆ ಯಾರು ಬಾಗಿಲು ತಟ್ಟಿದರೂ ಕೇಳಿಸ್ತಿಲ್ಲ.

ಇಲ್ಲೇ ಎಲ್ಲರೂ ಎಡವೋದು. ಪರದೆ ಮೇಲೆ ಕೊನೆಗೆ ಕಾಣೋ ಸಾಲನ್ನ ಫೋಟೋ ತೆಗೆದು, ಅದೇ ಅಪರಾಧಿ ಅಂತ ಹುಡುಕೋಕೆ ಹೋಗ್ತಾರೆ. ಅಲ್ಲಿ ಬ್ಲೂಟೂತ್ ಅಂತ ಇದ್ದರೆ ಬ್ಲೂಟೂತ್ ಮೇಲೆ ಅನುಮಾನ. ಆದರೆ ಆ ಸಾಲು ಪ್ರೊಸೆಸರ್ ಮಲಗೋಕೆ ಮುಂಚೆ ಆಡಿದ ಕೊನೇ ಮಾತು ಅಷ್ಟೇ. ಮತ್ತೆ ಲಾಗ್ ಫೈಲ್‌ನಲ್ಲಿ ಯಾಕೆ ಏನೂ ಇರಲ್ಲ? ಲಾಗ್ ಬರೀಬೇಕಾದವನೇ ಮಲಗಿದ್ದಾನಲ್ಲ. ಡೈರಿ ಬರೆಯೋನು ಏಳದೇ ಹೋದರೆ "ನಾನು ಏಳಲಿಲ್ಲ" ಅಂತ ಯಾರು ಬರೀತಾರೆ?

ಈಗ ನಿಜವಾದ ಪ್ರಕರಣಕ್ಕೆ ಬರೋಣ. 2015ರ ಕೊನೆಯಲ್ಲಿ ಸ್ಕೈಲೇಕ್‌ನ ಎಚ್ ಸರಣಿಯ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದವು. ಐ7-6700ಎಚ್‌ಕ್ಯೂ, ಐ5-6300ಎಚ್‌ಕ್ಯೂ ಅಂತೆಲ್ಲ ಹೆಸರು. ನಾಲ್ಕು ಕೋರ್, ಗೇಮಿಂಗ್‌ಗೆ, ವಿಡಿಯೋ ಎಡಿಟಿಂಗ್‌ಗೆ ಅಂತ ಜನ ಆಸೆಯಿಂದ ಕೊಂಡರು. ಲಿನಕ್ಸ್ ಹಾಕಿದವರಲ್ಲಿ ಕೆಲವರಿಗೆ ಮಷೀನ್ ಫ್ರೀಜ್ ಆಗೋಕೆ ಶುರು, ಇನ್ನು ಕೆಲವರಿಗೆ ಬೂಟೇ ಆಗಲಿಲ್ಲ. ಬೇರೆ ಬೇರೆ ಮಾಡೆಲ್, ಕಾಯಿಲೆ ಮಾತ್ರ ಒಂದೇ.

ಆಗ ಎಲ್ಲೆಡೆ ಹರಡಿದ ಮದ್ದು ಒಂದು ಬೂಟ್ ಆಯ್ಕೆ. ಕೇಳಿಸಿಕೊಳ್ಳಿ: ಇಂಟೆಲ್ ಅಂಡರ್‌ಸ್ಕೋರ್ ಐಡಲ್ ಡಾಟ್ ಮ್ಯಾಕ್ಸ್ ಅಂಡರ್‌ಸ್ಕೋರ್ ಸಿಸ್ಟೇಟ್ ಈಕ್ವಲ್ಸ್ 1. ಎಲ್ಲಾ ಸಣ್ಣ ಅಕ್ಷರ, ಮಧ್ಯೆ ಸ್ಪೇಸ್ ಇಲ್ಲ. ಇನ್ನು ಮುಂದೆ ನಾನು ಇದನ್ನ ಮ್ಯಾಕ್ಸ್ ಸಿಸ್ಟೇಟ್ ಅಂತಷ್ಟೇ ಕರೀತೀನಿ. ಇದರ ಅರ್ಥ: ಸ್ಟೂಲ್ ಮೇಲೆ ಕೂತ್ಕೋ, ಶಟರ್ ಮುಟ್ಟಬೇಡ.

ಹಾಕಿದರು, ಮಷೀನ್ ಬೂಟ್ ಆಯ್ತು. ಖುಷಿ. ಬಹಳಷ್ಟು ಜನರ ಕಥೆ ಅಲ್ಲಿಗೇ ಮುಗಿಯುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಎಂಟು ಥರದ ನಿದ್ದೆ ಇರೋ ಪ್ರೊಸೆಸರ್‌ಗೆ ಒಂದೇ ನಿದ್ದೆ ಬಿಟ್ಟಿದ್ದೀರಿ. ಏನೂ ಕೆಲಸ ಮಾಡದೇ ಇದ್ದಾಗಲೂ ಲ್ಯಾಪ್‌ಟಾಪ್ ಬೆಚ್ಚಗೇ ಇರುತ್ತೆ, ಬ್ಯಾಟರಿ ಬೇಗ ಇಳಿಯುತ್ತೆ. ಚಾರ್ಜರ್ ಬಿಟ್ಟು ಕದಲೋ ಹಾಗಿಲ್ಲ. ಕ್ಲಾಸಿಗೆ, ಲೈಬ್ರರಿಗೆ ತಗೊಂಡು ಹೋಗೋಕೆ ಅಂತ ಕೊಂಡಿದ್ದು ಗೂಟಕ್ಕೆ ಕಟ್ಟಿದ ಹಸು ಆಗುತ್ತೆ. ಸೋರೋ ನಲ್ಲಿ ರಿಪೇರಿ ಮಾಡೋ ಬದಲು ಇಡೀ ಮನೆಗೆ ನೀರು ನಿಲ್ಲಿಸಿದ ಹಾಗೆ.

ಮುಂದಿನ ಪ್ರಶ್ನೆ ಕೇಳಿದವರಿಂದಲೇ ಕಥೆ ಮುಂದೆ ಹೋಗಿದ್ದು. 1ಕ್ಕೆ ನಡೆಯುತ್ತೆ, ಸರಿ. ಎಷ್ಟರವರೆಗೆ ನಡೆಯುತ್ತೆ?

ಇದನ್ನ ಹುಡುಕೋಕೆ ಒಂದೊಂದೇ ಸಂಖ್ಯೆ ಏರಿಸಬೇಕಿಲ್ಲ. ಮಿತಿ ಹಾಕದೇ ಇದ್ದರೆ ಇದರ ಬೆಲೆ 9. ಅಂದ್ರೆ 1ಕ್ಕೆ ನಡೆಯುತ್ತೆ, 9ಕ್ಕೆ ನಿಲ್ಲುತ್ತೆ. ಮಧ್ಯಕ್ಕೆ ಹೋಗಿ: 5. ನಡೀತು. ಈಗ 5ಕ್ಕೂ 9ಕ್ಕೂ ಮಧ್ಯ: 7. ಅದೂ ನಡೀತು. ಈಗ 8. ನಿಲ್ತು. ಮೂರೇ ಪ್ರಯತ್ನಕ್ಕೆ ಗೆರೆ ಸಿಕ್ತು: 7ಕ್ಕೆ ಬದುಕು, 8ಕ್ಕೆ ಸಾವು. ದಪ್ಪ ನಿಘಂಟಿನಲ್ಲಿ ಪದ ಹುಡುಕುವಾಗ ಮಧ್ಯಕ್ಕೆ ತೆರೆದು, ಆ ಕಡೆಯೋ ಈ ಕಡೆಯೋ ಅಂತ ನೋಡ್ತೀವಲ್ಲ, ಅದೇ ಉಪಾಯ.

ಇಲ್ಲಿ ಒಂದು ಗುಂಡಿ ಇದೆ, ಗಮನಿಸಿ. 7 ಅಂದ ತಕ್ಷಣ ಸಿ7 ತನಕ ಅಂತ ಅನ್ಸುತ್ತೆ. ಅಲ್ಲ. ಇಂಟೆಲ್‌ನ ಈ ಡ್ರೈವರ್ ಪಟ್ಟಿಯ ಸಾಲುಗಳನ್ನ ಎಣಿಸುತ್ತೆ, ನಿದ್ದೆಯ ಹೆಸರನ್ನಲ್ಲ. ಸ್ಕೈಲೇಕ್ ಪಟ್ಟಿಯ ಸಾಲುಗಳು ಹೀಗಿವೆ: ಸಿ1, ಸಿ1ಇ, ಸಿ3, ಸಿ6, ಸಿ7ಎಸ್, ಸಿ8, ಸಿ9, ಸಿ10. ಬೆರಳು ಮಡಚಿ ಎಣಿಸಿ. ಏಳನೇ ಸಾಲು ಸಿ9! ಎಂಟನೆಯದು ಸಿ10. ಅಂದ್ರೆ 7 ಅಂತ ಹಾಕಿದಾಗ ಸಿ8, ಸಿ9 ಎರಡೂ ಒಳಗೇ ಇವೆ, ಹೊರಗೆ ಹೋಗಿದ್ದು ಸಿ10 ಒಂದೇ.

ಹಾಗಾದ್ರೆ ತೀರ್ಪು ಸುಲಭ ಅಲ್ವಾ? ಸಿ10 ಅಪರಾಧಿ. ತೆಗೆದುಹಾಕಿ, ಕೇಸ್ ಮುಗೀತು.

ಆದರೆ ಇಂಟೆಲ್‌ನ ಲೆನ್ ಬ್ರೌನ್, ಈ ಐಡಲ್ ಡ್ರೈವರನ್ನ ಬರೆದವರೇ ಅವರು, 2016ರ ಮಾರ್ಚ್‌ನಲ್ಲಿ ಕರ್ನಲ್‌ಗೆ ಸೇರಿಸಿದ ತಿದ್ದುಪಡಿ ನೋಡಿದರೆ ಆಶ್ಚರ್ಯ ಆಗುತ್ತೆ. ಅವರು ಸಿ10 ತೆಗೀಲಿಲ್ಲ. ಸಿ10 ಉಳಿಸಿಕೊಂಡು ಸಿ8 ಮತ್ತು ಸಿ9 ತೆಗೆದರು. ಮಷೀನ್ ಬೂಟ್ ಆಯ್ತು.

ಅಂದ್ರೆ ಸಿ8, ಸಿ9 ಇದ್ದು ಸಿ10 ಇಲ್ಲದಿದ್ದರೆ ತೊಂದರೆ ಇಲ್ಲ. ಸಿ10 ಇದ್ದು ಸಿ8, ಸಿ9 ಇಲ್ಲದಿದ್ದರೂ ತೊಂದರೆ ಇಲ್ಲ. ಮೂರೂ ಒಟ್ಟಿಗೆ ಸೇರಿದಾಗ ಮಾತ್ರ ಬೂಟ್ ನಿಲ್ಲುತ್ತೆ. ಒಬ್ಬ ಕಳ್ಳ ಇಲ್ಲ ಇಲ್ಲಿ. ಮೂವರು ಒಂದೇ ಕಡೆ ಸೇರಿದರೆ ಮಾತ್ರ ಗಲಾಟೆ.

ಇಷ್ಟೇ ಅಲ್ಲ. ಎಲ್ಲಾ ಸ್ಕೈಲೇಕ್ ಮಷೀನ್‌ಗೂ ಈ ಕಾಯಿಲೆ ಇರಲಿಲ್ಲ. ಹಾಗಾಗಿ ಆ ತಿದ್ದುಪಡಿ ಔಷಧಿ ಕೊಡೋ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತೆ. ಒಂದು, ಬಳಕೆದಾರರೇ 7 ಅಥವಾ ಅದಕ್ಕಿಂತ ಕಡಿಮೆ ಮಿತಿ ಹಾಕಿದ್ದಾರಾ? ಹಾಕಿದ್ದರೆ ಸುಮ್ಮನಿರು. ಎರಡು, ಈ ಚಿಪ್‌ನಲ್ಲಿ ಸಿ10 ಇದೆಯಾ? ಇಲ್ಲದಿದ್ದರೆ ಸುಮ್ಮನಿರು. ಮೂರು, ಇಡೀ ಚಿಪ್ ಸಿ10ಕ್ಕೆ ಇಳಿಯೋಕೆ ಬಯೋಸ್ ಅನುಮತಿ ಕೊಟ್ಟಿದೆಯಾ? ಇಲ್ಲದಿದ್ದರೆ ಸುಮ್ಮನಿರು. ನಾಲ್ಕನೆಯದೇ ತಮಾಷೆ: ಎಸ್‌ಜಿಎಕ್ಸ್ ಆನ್ ಆಗಿದೆಯಾ? ಆಗಿದ್ದರೆ ಸುಮ್ಮನಿರು.

ಎಸ್‌ಜಿಎಕ್ಸ್ ಅಂದ್ರೆ ಸಾಫ್ಟ್‌ವೇರ್ ಗಾರ್ಡ್ ಎಕ್ಸ್‌ಟೆನ್ಶನ್ಸ್, ಮೆಮೊರಿಯ ಒಂದು ಭಾಗವನ್ನ ಯಾರೂ ಇಣುಕದ ಹಾಗೆ ಭದ್ರ ಮಾಡೋ ಸೌಲಭ್ಯ. ಮೇಲ್ನೋಟಕ್ಕೆ ನಿದ್ದೆಗೂ ಅದಕ್ಕೂ ಸಂಬಂಧವೇ ಕಾಣಲ್ಲ. ಆದರೆ ಬಯೋಸ್‌ನಲ್ಲಿ ಅದನ್ನ ಆನ್ ಮಾಡಿದರೂ ಈ ಹ್ಯಾಂಗ್ ತಪ್ಪಬಹುದು ಅಂತ ಆ ತಿದ್ದುಪಡಿಯ ಟಿಪ್ಪಣಿಯಲ್ಲೇ ಇದೆ. ಒಂದೇ ಮಾಡೆಲ್ ಲ್ಯಾಪ್‌ಟಾಪ್ ಇಬ್ಬರ ಹತ್ತಿರ ಇದ್ದು, ಒಬ್ಬರದು ಬೂಟ್ ಆಗಿ ಇನ್ನೊಬ್ಬರದು ನಿಂತರೆ, ವ್ಯತ್ಯಾಸ ಬಯೋಸ್‌ನ ಒಂದು ಟಿಕ್ ಗುರುತಿನಲ್ಲಿ ಇರಬಹುದು. "ನನ್ನದರಲ್ಲಿ ಸರಿ ಇದೆ, ನಿಂದೇ ಏನೋ ಹಾಳು" ಅನ್ನೋ ಮಾತು ಎಷ್ಟು ಟೊಳ್ಳು ನೋಡಿ.

ಸಿ8, ಸಿ9 ತೆಗೆದಿದ್ದರಿಂದ ಎಷ್ಟು ನಷ್ಟ? ಪಟ್ಟಿ ತೆಗೀರಿ. ಲಾಭ ಶುರುವಾಗೋ ಗೆರೆ ಸಿ7ಎಸ್‌ಗೂ 800, ಸಿ8ಕ್ಕೂ 800. ಸಿ9ಕ್ಕೂ 5000, ಸಿ10ಕ್ಕೂ 5000. ಅಂದ್ರೆ 5000 ಮೈಕ್ರೋಸೆಕೆಂಡ್‌ಗಿಂತ ಉದ್ದದ ನಿದ್ದೆ ಸಿಕ್ಕಾಗ ಅತಿ ಆಳದ ಸಿ10 ಇದ್ದೇ ಇದೆ. 800ರಿಂದ 5000ದ ಒಳಗಿನ ನಿದ್ದೆಗೆ ಸಿ8ರ ಬದಲು ಸಿ7ಎಸ್. ನಷ್ಟ ಅಂದ್ರೆ ಇಷ್ಟೇ. ಬ್ಯಾಟರಿಗೆ ಅತಿ ಹೆಚ್ಚು ಉಳಿಸಿಕೊಡೋ ನಿದ್ದೆ ಕೈಬಿಟ್ಟಿಲ್ಲ. ಮ್ಯಾಕ್ಸ್ ಸಿಸ್ಟೇಟ್ 1 ಅಂತ ಹಾಕಿ ಏಳು ನಿದ್ದೆ ಕಳೆದುಕೊಂಡಿದ್ದವರ ಜತೆ ಹೋಲಿಸಿ ನೋಡಿ. "ಹೇಗೋ ಆಯ್ತು" ಅನ್ನೋದಕ್ಕೂ "ಯಾಕೆ ಅಂತ ಗೊತ್ತಾಯ್ತು" ಅನ್ನೋದಕ್ಕೂ ಇರೋ ಅಂತರ ಇಲ್ಲಿ ಬ್ಯಾಟರಿಯಲ್ಲೇ ಕಾಣುತ್ತೆ.

ಇನ್ನೊಂದು ಪ್ರಶ್ನೆ ನಿಮ್ಮ ತಲೆಯಲ್ಲಿ ಬಂದಿರಬಹುದು. "ಅದೇ ಮಷೀನ್‌ನಲ್ಲಿ ಬೇರೆ ಓಎಸ್ ಚೆನ್ನಾಗಿ ಓಡ್ತಿತ್ತಲ್ಲ?" ಸಾಧ್ಯ. ಯಾವ ನಿದ್ದೆಗಳನ್ನ ಬಳಸಬಹುದು ಅಂತ ಬಯೋಸ್ ಕೂಡ ಒಂದು ಪಟ್ಟಿ ಕೊಡುತ್ತೆ. ಆದರೆ ಲಿನಕ್ಸ್‌ನ ಈ ಇಂಟೆಲ್ ಡ್ರೈವರ್ ಆಗ ಬಯೋಸ್ ಪಟ್ಟಿಯನ್ನ ನೋಡ್ತಿರಲಿಲ್ಲ, ತನ್ನದೇ ಪಟ್ಟಿ ಇಟ್ಟುಕೊಂಡಿತ್ತು. ಪಟ್ಟಿ ಬೇರೆ ಆದಾಗ ಫಲಿತಾಂಶವೂ ಬೇರೆ ಆಗಬಹುದು. ಹಾರ್ಡ್‌ವೇರ್ ಅಂಗಡಿಯವರು "ಸಾಫ್ಟ್‌ವೇರ್ ತೊಂದರೆ" ಅಂತಾರೆ, ಸಾಫ್ಟ್‌ವೇರ್ ಗೊತ್ತಿರೋ ಸ್ನೇಹಿತ "ಹಾರ್ಡ್‌ವೇರ್ ಹೋಗಿದೆ" ಅಂತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ತೊಂದರೆ ಇಬ್ಬರ ಗಡಿಯಲ್ಲಿ ಕೂತಿದೆ.

ಇದೊಂದೇ ಪ್ರಕರಣ ಅಂದುಕೊಳ್ಳಬೇಡಿ. ಇಂಟೆಲ್‌ನ ಬೇ ಟ್ರೇಲ್ ಅನ್ನೋ ಅಗ್ಗದ ಚಿಪ್‌ಗಳಲ್ಲಿ, ಪುಟ್ಟ ನೋಟ್‌ಬುಕ್‌ಗಳಲ್ಲಿ ಇರ್ತಿತ್ತಲ್ಲ, ಅದರಲ್ಲೂ ಮಷೀನ್ ಇದ್ದಕ್ಕಿದ್ದಂತೆ ಫ್ರೀಜ್ ಆಗ್ತಿತ್ತು, ಅಲ್ಲೂ ಜನ ಇದೇ ಮ್ಯಾಕ್ಸ್ ಸಿಸ್ಟೇಟ್ 1 ಹಾಕಿಕೊಂಡು ವರ್ಷಗಟ್ಟಲೆ ದಿನ ದೂಡಿದರು. 2017ರಲ್ಲಿ ಎಎಂಡಿಯ ಮೊದಲ ರೈಜೆನ್‌ಗಳು ಬಂದಾಗ, ಭಾರೀ ಕೆಲಸ ಕೊಟ್ಟರೆ ಸಲೀಸಾಗಿ ಓಡೋ ಕಂಪ್ಯೂಟರ್ ಸುಮ್ಮನೆ ಬಿಟ್ಟರೆ ಹ್ಯಾಂಗ್ ಆಗ್ತಿತ್ತು. ಎಷ್ಟೋ ಮದರ್‌ಬೋರ್ಡ್‌ಗಳ ಬಯೋಸ್‌ನಲ್ಲಿ ಆಮೇಲೆ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅಂತ ಆಯ್ಕೆ ಬಂತು. ಅದನ್ನ ಟಿಪಿಕಲ್ ಕರೆಂಟ್ ಐಡಲ್‌ಗೆ ಇಟ್ಟು ಅನೇಕರು ಗೆದ್ದರು. ಕೆಲಸದ ಒತ್ತಡದಲ್ಲಿ ಸರಿ ಇದ್ದು, ಸುಮ್ಮನಿದ್ದಾಗ ಬೀಳೋ ಮಷೀನ್ ಕಂಡರೆ ಮೊದಲ ಅನುಮಾನ ನಿದ್ದೆ ಮೇಲೆ ಇರಲಿ.

ಈಗ ನಿಮ್ಮ ಕೈಗೆ ಬರೋಣ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಸ್ಕೈಲೇಕ್‌ನ ಆ ತಿದ್ದುಪಡಿ ಇವತ್ತಿನ ಲಿನಕ್ಸ್‌ಗಳಲ್ಲಿ ಇದ್ದೇ ಇದೆ. ಹೊಸ ಉಬುಂಟು, ಫೆಡೋರಾ ಹಾಕಿದರೆ ಅದೇ ಹಳೇ ಕಾರಣಕ್ಕೆ ನಿಲ್ಲಬಾರದು. ಆದರೆ ಮಷೀನ್ ನಿಂತಾಗ ಹುಡುಕೋ ದಾರಿ ಮಾತ್ರ ಎಲ್ಲಾ ಕಾಲಕ್ಕೂ ಒಂದೇ.

ಮೊದಲನೆಯದು, ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟ್ಟ ದೀಪ ಆನ್ ಆಫ್ ಆಗ್ತಿದ್ದರೆ ಒಳಗೆ ಜೀವ ಇದೆ, ಪರದೆ ಮಾತ್ರ ಹೋಗಿರಬಹುದು. ದೀಪ ಅಲ್ಲಾಡದಿದ್ದರೆ ಕರ್ನಲ್ಲೇ ಸ್ತಬ್ಧವಾಗಿರೋ ಸಾಧ್ಯತೆ ಹೆಚ್ಚು.

ಎರಡನೆಯದು, ಗ್ರಬ್ ಮೆನು ಬಂದಾಗ ಇ ಅಕ್ಷರ ಒತ್ತಿ. ಲಿನಕ್ಸ್ ಅಂತ ಶುರುವಾಗೋ ಉದ್ದನೆ ಸಾಲಿನ ಕೊನೆಯಲ್ಲಿ ಕ್ವೈಟ್, ಸ್ಪ್ಲಾಶ್ ಅನ್ನೋ ಪದ ಇದ್ದರೆ ಅಳಿಸಿ. ಎಫ್10 ಒತ್ತಿದರೆ ಬೂಟ್ ಶುರು. ಲೋಗೋ ಹಿಂದೆ ಅಡಗಿದ್ದ ಸಾಲುಗಳೆಲ್ಲ ಈಗ ಕಾಣುತ್ತೆ. ಹೆದರಬೇಡಿ, ಇಲ್ಲಿ ಮಾಡೋ ಬದಲಾವಣೆ ಒಂದು ಬೂಟ್‌ಗೆ ಮಾತ್ರ. ರೀಸ್ಟಾರ್ಟ್ ಮಾಡಿದರೆ ಹಳೇ ಸ್ಥಿತಿಗೆ ವಾಪಸ್.

ಮೂರನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ನೋಮೋಡ್‌ಸೆಟ್ ಅಂತ ಆ ಸಾಲಿಗೆ ಸೇರಿಸಿ ನೋಡಿ. ಅದರಿಂದ ಬೂಟ್ ಆದರೆ ಅನುಮಾನ ಗ್ರಾಫಿಕ್ಸ್ ಮೇಲೆ, ನಿದ್ದೆ ಮೇಲಲ್ಲ. ಆಗದಿದ್ದರೆ ಅದನ್ನ ತೆಗೆದು, ಮ್ಯಾಕ್ಸ್ ಸಿಸ್ಟೇಟ್ 1 ಹಾಕಿ. ಇಂಟರ್‌ನೆಟ್‌ನಲ್ಲಿ ಸಿಕ್ಕ ಐದು ಆಯ್ಕೆಯನ್ನ ಒಟ್ಟಿಗೆ ಸುರಿಯಬೇಡಿ. ಜ್ವರಕ್ಕೆ ನಾಲ್ಕು ಮಾತ್ರೆ ಒಟ್ಟಿಗೆ ನುಂಗಿದರೆ ಯಾವುದರಿಂದ ಇಳೀತು ಅಂತ ಗೊತ್ತಾಗಲ್ಲ.

ನಾಲ್ಕನೆಯದು, ಮ್ಯಾಕ್ಸ್ ಸಿಸ್ಟೇಟ್ 0 ಅಂದ್ರೆ ನಿದ್ದೆಯೇ ಇಲ್ಲ ಅಂತಲ್ಲ. 0 ಹಾಕಿದರೆ ಇಂಟೆಲ್ ಡ್ರೈವರ್ ಪಕ್ಕಕ್ಕೆ ಸರಿದು, ಬಯೋಸ್ ಪಟ್ಟಿಯನ್ನ ಓದೋ ಇನ್ನೊಂದು ಡ್ರೈವರ್ ಬರುತ್ತೆ. ಬಯೋಸ್ ಪಟ್ಟಿಯಲ್ಲೂ ಆಳದ ನಿದ್ದೆ ಇರಬಹುದು. 1ಕ್ಕೆ ನಡೆದು 0ಗೆ ನಿಲ್ಲೋದು ವಿಚಿತ್ರ ಅನ್ನಿಸಿದರೂ ಸಾಧ್ಯ.

ಐದನೆಯದು, ಒಂದು ಸಲ ಬೂಟ್ ಆದ ತಕ್ಷಣ ಗೆದ್ದೆ ಅನ್ನಬೇಡಿ. ಎರಡು ಸಲಕ್ಕೆ ಒಮ್ಮೆ ಹ್ಯಾಂಗ್ ಆಗೋ ಮಷೀನ್, ನೀವು ಏನೂ ಮಾಡದಿದ್ದರೂ ಒಂದು ಸಲ ಬೂಟ್ ಆಗೋ ಸಾಧ್ಯತೆ ಅರ್ಧಕ್ಕರ್ಧ. ಅದೃಷ್ಟದಿಂದಲೇ ಐದು ಸಲ ಸತತವಾಗಿ ಆಗೋ ಸಾಧ್ಯತೆ 32ಕ್ಕೆ 1. ಹಾಗಾಗಿ ಪ್ರತಿ ಸಂಖ್ಯೆಗೂ ಐದು ಸಲ ಬೂಟ್ ಮಾಡಿ, ಕಾಗದದ ಮೇಲೆ ಬರ್ಕೊಳ್ಳಿ. ಫೋನ್ ನೋಟ್ಸ್ ಆದರೂ ಸರಿ. ಬೇಜಾರಿನ ಕೆಲಸವೇ, ಆದರೆ ಆ ಪುಟ್ಟ ಪಟ್ಟಿಯೇ ನಿಮ್ಮ ಸಾಕ್ಷಿ.

ಆರನೆಯದು, 1ಕ್ಕೆ ನಡೆದರೆ ಅಲ್ಲೇ ನಿಲ್ಲಬೇಡಿ. ಮಧ್ಯಕ್ಕೆ ಹಾರೋ ಉಪಾಯದಿಂದ ಗೆರೆ ಹುಡುಕಿ. ಬೂಟ್ ಆದ ಮೇಲೆ ಪವರ್‌ಟಾಪ್ ಅನ್ನೋ ಪ್ರೋಗ್ರಾಂ ಹಾಕಿದರೆ, ಪ್ರೊಸೆಸರ್ ಯಾವ ನಿದ್ದೆಯಲ್ಲಿ ಎಷ್ಟು ಹೊತ್ತು ಕಳೀತು ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತೆ. ನೀವು ಹಾಕಿದ ಮಿತಿ ನಿಜವಾಗಿ ಜಾರಿಯಾಗಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ಗೆ ಹೊಸ ಬಯೋಸ್ ಇದೆಯಾ ನೋಡಿ. ಅಪ್‌ಡೇಟ್ ಮಾಡುವಾಗ ಚಾರ್ಜರ್ ಹಾಕಿರಲಿ, ಕರೆಂಟ್ ಹೋಗೋ ಹೊತ್ತಲ್ಲಿ ಮಾಡಬೇಡಿ. ಅಪ್‌ಡೇಟ್ ಆದ ಮೇಲೆ ಆ ಬೂಟ್ ಆಯ್ಕೆ ತೆಗೆದು ಮತ್ತೆ ಪರೀಕ್ಷೆ ಮಾಡಿ. ಕೈ ಮುರಿದಾಗ ಹಾಕಿದ ಪಟ್ಟಿಯನ್ನ ಮೂಳೆ ಕೂಡಿದ ಮೇಲೂ ಯಾರೂ ಕಟ್ಟಿಕೊಂಡು ಓಡಾಡಲ್ಲ, ಅಲ್ವಾ?

ಕೊನೇದು, ನಿಮಗೆ ಸಿಕ್ಕ ಉತ್ತರವನ್ನ ನಿಮ್ಮ ವಿತರಣೆಯವರಿಗೆ ವರದಿ ಮಾಡಿ. "ನನ್ನ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತೆ" ಅಂದರೆ ಯಾರಿಗೂ ಏನೂ ಹೊಳೆಯಲ್ಲ. "ಈ ಪ್ರೊಸೆಸರ್, ಈ ಬಯೋಸ್ ಆವೃತ್ತಿ, ಈ ಕರ್ನಲ್. 7ಕ್ಕೆ ಐದಕ್ಕೆ ಐದು ಸಲ ಬೂಟ್ ಆಯ್ತು. 8ಕ್ಕೆ ಐದರಲ್ಲಿ ಮೂರು ಸಲ ನಿಂತಿತು" ಅಂತ ಬರೆದರೆ, ಜಗತ್ತಿನ ಇನ್ನೊಂದು ಮೂಲೆಯಲ್ಲಿ ಕೂತ ಇಂಜಿನಿಯರ್ ನಿಮ್ಮ ಮಷೀನ್ ಮುಟ್ಟದೆಯೇ ಕೆಲಸ ಶುರು ಮಾಡಬಹುದು. ಸ್ಕೈಲೇಕ್ ವಿಷಯದಲ್ಲೂ ಪಟ್ಟುಬಿಡದೆ ಬೂಟ್ ಮಾಡಿ ಮಾಡಿ ಬರೆದಿಟ್ಟ ಬಳಕೆದಾರರು ಇದ್ದರು. ಅವರಿಗೆ ಚಿಪ್ ಡಿಸೈನ್ ಗೊತ್ತಿರಬೇಕಾಗಿರಲಿಲ್ಲ. ಎಣಿಸೋಕೆ, ಬರೆಯೋಕೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋಕೆ ಬಂದರೆ ಸಾಕಿತ್ತು.

ಹಾಗಾಗಿ ಯಾರಾದರೂ "ಮದರ್‌ಬೋರ್ಡ್ ಹೋಗಿದೆ, ಮಾರಿಬಿಡು" ಅಂದರೆ, ಮಾರೋಕೆ ಮುಂಚೆ ಒಂದು ಸಂಜೆ ಆ ಮಷೀನ್‌ಗೆ ಕೊಡಿ. ಗ್ರಬ್ ಮೆನು, ಒಂದು ಕಾಗದ, ಒಂದು ಪೆನ್ನು. ನಿಜವಾಗಲೂ ಹೋಗಿದ್ದರೆ ಅದೂ ಗೊತ್ತಾಗುತ್ತೆ, ಊಹೆಯಿಂದಲ್ಲ, ಲೆಕ್ಕದಿಂದ.

ಇವತ್ತಿಗೆ ಇಷ್ಟು. ನಿಮ್ಮ ಮಷೀನ್ ಎಲ್ಲಿ, ಯಾವ ಸಂಖ್ಯೆಗೆ ನಿಲ್ತು ಅಂತ ಬರೆದು ಕಳಿಸಿ. ಐದೈದು ಸಲ ಪರೀಕ್ಷೆ ಮಾಡಿದ ಪಟ್ಟಿ ಜತೆಗಿದ್ದರೆ ಇನ್ನೂ ಖುಷಿ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.